ಹಿಡಿದ ನಾಯಿ ಮತ್ತೆ ನಮ್ಮ ಓಣಿಗೇ ಯಾಕೆ ಬರುತ್ತದೆ?

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಕಲಬುರಗಿಯ ಆಳಂದ ರಸ್ತೆ ಕಡೆ ಮನೆ. ಓಣಿಯಲ್ಲಿ ಬೀದಿನಾಯಿ ಜಾಸ್ತಿ ಆಗಿವೆ ಎಂದು ಎಲ್ಲರೂ ಸೇರಿ ಫೋನ್ ಮಾಡಿದೆವು. ಗಾಡಿ ಬಂತು, ಒಂದಿಷ್ಟು ನಾಯಿ ಒಯ್ದರು. ಸ್ವಲ್ಪ ದಿನಕ್ಕೆ ಅವೇ ನಾಯಿಗಳನ್ನು ತಂದು ಅಲ್ಲೇ ಬಿಟ್ಟರು! ಹಂದಿ, ಬಿಡಾಡಿ ದನಗಳ ಕಾಟ ಬೇರೆ. ಇದಕ್ಕೆಲ್ಲ ಒಂದು ಇಲಾಖೆ ಇದೆಯೋ ಇಲ್ಲವೋ? ಯಾರು ಯಾರಿಗೆ ದಂಡ ಹಾಕಬಹುದು? ನಮ್ಮಂಥವರು ಯಾರ ಬಾಗಿಲು ಬಡಿಯಬೇಕು?

ಉತ್ತರ: ಮಾಸ್ತರರೇ, ಪ್ರಾಣಿಗಳಿಗಂತಲೇ ಪ್ರತ್ಯೇಕವಾದ ಒಂದು ಇಲಾಖೆ ನಮ್ಮ ಊರುಗಳಲ್ಲಿ ಇಲ್ಲ. ನಿಮ್ಮ ಕಷ್ಟದ ಅರ್ಧ ಮೂಲ ಅಲ್ಲೇ ಇದೆ.

ಕೆಲಸ ಹಂಚಿಹೋಗಿದೆ. ನಾಯಿ, ಹಂದಿ, ದನದ ಜವಾಬ್ದಾರಿ ಮಹಾನಗರ ಪಾಲಿಕೆಯ ಆರೋಗ್ಯ ಶಾಖೆಯದು. ಅಲ್ಲಿ ಆರೋಗ್ಯ ನಿರೀಕ್ಷಕರು, ಪರಿಸರ ಎಂಜಿನಿಯರ್ ಇರುತ್ತಾರೆ. ಇದೇ ಜನ ಕಸ, ಚರಂಡಿ, ಸೊಳ್ಳೆ ಎಲ್ಲವನ್ನೂ ನೋಡಬೇಕು. ನಾಯಿ ಹಿಡಿಯುವುದು, ಮರಿ ಆಗದಂತೆ ಆಪರೇಷನ್ ಮಾಡುವುದು ಸಾಮಾನ್ಯವಾಗಿ ಟೆಂಡರ್ ಪಡೆದ ಸಂಸ್ಥೆಯ ಕೆಲಸ. ತಾಂತ್ರಿಕ ಸಲಹೆ ಪಶುಪಾಲನಾ ಇಲಾಖೆಯದು. ಕಚ್ಚಿಸಿಕೊಂಡವರಿಗೆ ಚುಚ್ಚುಮದ್ದು ಆರೋಗ್ಯ ಇಲಾಖೆಯದು. ನಾಯಿಗೆ ಯಾರಾದರೂ ವಿಷ ಹಾಕಿದರೆ ಕೇಸು ಪೊಲೀಸರದು. ಮನೆಯೊಳಗೆ ಹಾವು ಹೊಕ್ಕರೆ ಅರಣ್ಯ ಇಲಾಖೆ. ಹೀಗಿರುವಾಗ ಒಂದು ಫೋನ್ ಮಾಡಿದರೆ ಇನ್ನೊಂದು ನಂಬರ್ ಕೊಡುತ್ತಾರೆ. ಅವರು ಬೇಕಂತಲೇ ಓಡಾಡಿಸುತ್ತಾರೆ ಅಂತಲ್ಲ, ವ್ಯವಸ್ಥೆ ಇರುವುದೇ ಹಾಗೆ.

ಈಗ ನಾಯಿಯ ವಿಷಯ. ಒಯ್ದು ಮತ್ತೆ ತಂದು ಬಿಟ್ಟದ್ದು ತಪ್ಪಲ್ಲ, ಕಾನೂನು ಹೇಳುವುದೇ ಅದನ್ನು. ಒಂದು ಕಾಲಕ್ಕೆ ನಗರಸಭೆಗಳು ವಿಷ ಹಾಕಿ ನಾಯಿ ಕೊಲ್ಲುತ್ತಿದ್ದವು. ಆ ಕಾಲ ನಿಮಗೂ ನೆನಪಿರಬೇಕು. ಎಷ್ಟು ಕೊಂದರೂ ಸಂಖ್ಯೆ ಇಳಿಯಲಿಲ್ಲ. 2001ರಲ್ಲಿ ಕೇಂದ್ರ ಸರ್ಕಾರ ಎಬಿಸಿ ನಿಯಮ, ಅಂದರೆ ನಾಯಿಗಳ ಸಂತಾನ ನಿಯಂತ್ರಣದ ನಿಯಮ ತಂದಿತು. ಅದರ ಜಾಗದಲ್ಲಿ 2023ರ ಮಾರ್ಚ್‌ನಲ್ಲಿ ಹೊಸ ನಿಯಮ ಬಂತು. ಎರಡಕ್ಕೂ ತಾಯಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ನಾಯಿ ಹಿಡಿಯಬೇಕು, ಆಪರೇಷನ್ ಮಾಡಬೇಕು, ರೇಬಿಸ್ ಲಸಿಕೆ ಹಾಕಬೇಕು, ಹಿಡಿದ ಜಾಗಕ್ಕೇ ತಂದು ಬಿಡಬೇಕು. ನಿಯಮದ ತಿರುಳು ಇಷ್ಟೇ.

ಅಲ್ಲಿಗೇ ಯಾಕೆ ಬಿಡಬೇಕು? ಪಶುವೈದ್ಯನಾಗಿ ಕೆಲಸ ಮಾಡಿದಷ್ಟು ಕಾಲವೂ ಕೇಳಿಸಿಕೊಂಡ ಪ್ರಶ್ನೆ ಇದು. ನಾಯಿಗಳು ತಮ್ಮ ಜಾಗ ಕಾಯುತ್ತವೆ, ಹೊರಗಿನ ನಾಯಿಯನ್ನು ಒಳಗೆ ಬಿಡುವುದಿಲ್ಲ. ನಿಮ್ಮ ಓಣಿಯ ಹತ್ತು ನಾಯಿಯನ್ನು ಒಮ್ಮೆಲೇ ಖಾಲಿ ಮಾಡಿದರೆ ಜಾಗ ಖಾಲಿ ಉಳಿಯುವುದಿಲ್ಲ. ಚಿಕನ್ ಅಂಗಡಿಯ ತ್ಯಾಜ್ಯ ಹಾಗೇ ಇದೆ, ಫಂಕ್ಷನ್ ಹಾಲ್ ಹಿಂದೆ ಮಿಕ್ಕ ಅನ್ನ ಬೀಳುವುದು ತಪ್ಪಿಲ್ಲ. ಪಕ್ಕದ ಬಡಾವಣೆಯ ನಾಯಿಗಳು ಬಂದು ಸೇರುತ್ತವೆ. ಬಂದವಕ್ಕೆ ಆಪರೇಷನ್ ಆಗಿಲ್ಲ, ಲಸಿಕೆಯೂ ಇಲ್ಲ. ನಿಮ್ಮನ್ನು ನೋಡಿದ ಪರಿಚಯವೂ ಇಲ್ಲ. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ನಾಲ್ಕೈದು ಮರಿ ಎಂದುಕೊಂಡರೂ ಖಾಲಿ ಜಾಗ ತುಂಬಲು ಬಹಳ ದಿನ ಬೇಕಿಲ್ಲ, ಅಲ್ವಾ? ಆಪರೇಷನ್ ಆದ ನಾಯಿ ವಾಪಸ್ ಬಂದರೆ ಜಾಗ ಕಾಯುತ್ತದೆ, ಮರಿ ಹಾಕುವುದಿಲ್ಲ. ಮರಿ ಇಟ್ಟುಕೊಂಡ ತಾಯಿನಾಯಿಯೇ ಬೈಕಿನ ಹಿಂದೆ ಓಡಿ ಕಚ್ಚುವುದು ಜಾಸ್ತಿ. ಮರಿಗಳು ಕಡಿಮೆಯಾದರೆ ಆ ಕಾಟವೂ ಇಳಿಯುತ್ತದೆ.

ಆದರೆ ಇದು ಫಲ ಕೊಡುವುದು ಒಂದು ಷರತ್ತಿನ ಮೇಲೆ. ಒಂದು ಪ್ರದೇಶದ ನೂರು ನಾಯಿಯಲ್ಲಿ ಎಪ್ಪತ್ತಕ್ಕಾದರೂ ಆಪರೇಷನ್ ಆಗಬೇಕು, ಅದೂ ಸ್ವಲ್ಪ ಕಾಲದ ಒಳಗೆ. ಊರೂರಲ್ಲಿ ಎಡವುವುದು ಇಲ್ಲೇ. ಇವತ್ತು ದೂರು ಬಂದ ಓಣಿಯಲ್ಲಿ ನಾಲ್ಕು ನಾಯಿ, ನಾಳೆ ಕಾರ್ಪೊರೇಟರ್ ಹೇಳಿದ ಕಡೆ ಐದು, ನಾಡಿದ್ದು ದೊಡ್ಡವರ ಮನೆ ಮುಂದೆ ಎರಡು. ವರ್ಷದ ಕೊನೆಗೆ ಲೆಕ್ಕದಲ್ಲಿ ಸಾವಿರಗಟ್ಟಲೆ ನಾಯಿ ಕಾಣುತ್ತವೆ, ಓಣಿಯಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಕಲಬುರಗಿಯಲ್ಲಿ 55 ವಾರ್ಡ್‌ಗಳಿವೆ. ಒಂದು ವಾರ್ಡ್ ಹಿಡಿದು, ಅದನ್ನು ಮುಗಿಸಿ, ಪಕ್ಕದ್ದಕ್ಕೆ ಹೋಗಬೇಕು. ದೂರಿನ ಬೆನ್ನು ಹತ್ತಿ ಗಾಡಿ ಓಡಿಸುವುದು ಸುಮ್ನೆ ಡೀಸೆಲ್ ಖರ್ಚು ಎಂಬುದು ನನ್ನ ಖಡಕ್ ಅಭಿಪ್ರಾಯ.

ಕೆಲಸ ಸರಿಯಾಗಿ ನಡೆದಿದೆಯೋ ಇಲ್ಲವೋ ಎಂದು ನೀವೇ ತಿಳಿಯಬಹುದು. ನಾಯಿಯ ಕಿವಿ ನೋಡಿ. ಆಪರೇಷನ್ ಆದ ನಾಯಿಯ ಒಂದು ಕಿವಿಯ ಅಂಚಿನಲ್ಲಿ ಸಣ್ಣದೊಂದು ಕಚ್ಚು ಇರುತ್ತದೆ, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಆಪರೇಷನ್ನಿಗೆ ಕೊಟ್ಟ ಅರಿವಳಿಕೆ ಇಳಿಯುವ ಮೊದಲೇ ಅದನ್ನು ಕತ್ತರಿಸುತ್ತಾರೆ. ಅದೇ ನಾಯಿಯನ್ನು ಎರಡನೇ ಸಲ ಹಿಡಿದು ಹೊಟ್ಟೆ ಕೊಯ್ಯಬಾರದು, ಎರಡನೇ ಸಲ ಬಿಲ್ಲೂ ಮಾಡಬಾರದು ಎಂದೇ ಈ ಗುರುತು. ಬೆಳಿಗ್ಗೆ ಆರಕ್ಕೆ ಮುಂಚೆ ವಾಕಿಂಗ್ ಹೋಗುತ್ತೀರಲ್ಲ, ಆಗ ನಾಯಿಗಳು ಬಯಲಲ್ಲೇ ಮಲಗಿರುತ್ತವೆ. ಹೆಣ್ಣುನಾಯಿ ಎಷ್ಟು, ಅವುಗಳಲ್ಲಿ ಕಿವಿಯಲ್ಲಿ ಈ ಗುರುತು ಇಲ್ಲದವು ಎಷ್ಟು, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಿಮ್ಮ ಓಣಿಯ ನಿಜವಾದ ಲೆಕ್ಕ ಅದು. ಗಾಡಿ ಎಷ್ಟು ಸಲ ಬಂತು ಎನ್ನುವುದರಿಂದ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಲೆಕ್ಕ ಆಪರೇಷನ್ ಕೇಂದ್ರದೊಳಗೆ ಇರುತ್ತದೆ. ಹೊರಗಿನವರಿಗೆ ಅದು ಅಷ್ಟಾಗಿ ಗೊತ್ತಿಲ್ಲ. ತೆಗೆದ ಗರ್ಭಕೋಶ, ವೃಷಣಗಳನ್ನು ಎಸೆಯುವಂತಿಲ್ಲ. ಕೊಳೆಯದಂತೆ ಕಾಯುವ ಫಾರ್ಮಾಲಿನ್ ದ್ರಾವಣ ತುಂಬಿದ ಡಬ್ಬಿಯಲ್ಲಿ ಇಟ್ಟಿರಬೇಕು. ಮೇಲ್ವಿಚಾರಣಾ ಸಮಿತಿಯವರು ಬಂದು ಎಣಿಸಿ, ರಿಜಿಸ್ಟರ್‌ಗೆ ತಾಳೆ ನೋಡಿದ ಮೇಲೆ ಅವನ್ನು ನಾಶ ಮಾಡಬೇಕು. ಬಿಲ್ ಪಾಸಾಗಬೇಕಾದದ್ದು ಆ ಎಣಿಕೆಯ ಮೇಲೆ. ವಾಸನೆಗೆ ಕಣ್ಣು ಉರಿಯುತ್ತದೆ, ಮೂಗಿಗೆ ಟವೆಲ್ ಕಟ್ಟಿಕೊಂಡು ಎಣಿಸಬೇಕು. ಮೇಜಿನ ಮೇಲೇ ಸಹಿ ಹಾಕಿ ಕಳಿಸುವ ಆಸೆ ಯಾರಿಗೂ ಬರುವಂಥದ್ದೇ. ಆದರೆ ಟೆಂಡರ್‌ಗಳಲ್ಲಿ ಒಂದು ನಾಯಿಗೆ 1,650 ರೂಪಾಯಿ ಆಸುಪಾಸಿನ ದರ ಕಾಣುತ್ತದೆ. ಎಣಿಸದೆ ಕೊಟ್ಟರೆ ಹೋಗುವುದು ನಮ್ಮ ನಿಮ್ಮ ತೆರಿಗೆ ದುಡ್ಡು.

ಆ ಸಮಿತಿ ಯಾವುದು ಎಂದು ಕೇಳುತ್ತೀರಿ. 2023ರ ನಿಯಮದ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಎಬಿಸಿ ಮೇಲ್ವಿಚಾರಣಾ ಸಮಿತಿ ಇರಬೇಕು. ಪಾಲಿಕೆಯಲ್ಲಾದರೆ ಆಯುಕ್ತರು, ನಗರಸಭೆ ಪುರಸಭೆಗಳಲ್ಲಾದರೆ ಅಲ್ಲಿನ ಮುಖ್ಯ ಅಧಿಕಾರಿ ಅದರ ಅಧ್ಯಕ್ಷರು. ಪಶುವೈದ್ಯರು, ಆರೋಗ್ಯ ವಿಭಾಗದವರು, ಪ್ರಾಣಿದಯಾ ಸಂಸ್ಥೆಗಳ ಪ್ರತಿನಿಧಿಗಳು ಸದಸ್ಯರು. ಟೆಂಡರ್ ಪಡೆದ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಲೇಬೇಕು. ಅದಿಲ್ಲದವರಿಗೆ ಕೆಲಸ ಕೊಡುವಂತಿಲ್ಲ. ಹಿಡಿಯುವಾಗ ಬಲೆ ಅಥವಾ ಕೈ ಬಳಸಬೇಕು, ತಂತಿಯ ಉರುಳು ಹಾಕಿ ದರದರ ಎಳೆಯಬಾರದು. ಯಾವ ನಾಯಿಯನ್ನು ಎಲ್ಲಿ ಹಿಡಿದರು ಎಂಬುದು ಬರಹದಲ್ಲಿ ಇರಬೇಕು. ಇಲ್ಲವಾದರೆ ಶಹಾಬಜಾರ್ ನಾಯಿ ಸೇಡಂ ರಸ್ತೆಯಲ್ಲಿ ಇಳಿಯುತ್ತದೆ. ಅಲ್ಲಿಂದ ಶುರು ಹೊಸ ಜಗಳ.

ನಮ್ಮ ಕಡೆಗೆ ಬಿಸಿಲಿನದೊಂದು ತೊಡಕೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಇರುವಾಗ ತಗಡಿನ ಶೆಡ್‌ನಲ್ಲಿ ಪಂಜರದೊಳಗೆ ಆಪರೇಷನ್ ಆದ ನಾಯಿ ಇಟ್ಟರೆ ಬದುಕುವುದು ಕಷ್ಟ. ಕೂಲರ್, ನೀರು, ನೆರಳು ಇಲ್ಲದ ಕಡೆ ಆ ದಿನಗಳಲ್ಲಿ ಕೆಲಸ ನಿಧಾನ ಮಾಡುವುದೇ ಒಳ್ಳೆಯದು. ಟೆಂಡರ್ ಮಾತ್ರ ಆರ್ಥಿಕ ವರ್ಷದ ಲೆಕ್ಕದಲ್ಲಿ ನಡೆಯುತ್ತದೆ. ಮಾರ್ಚ್‌ಗೆ ಮುಗಿಯುತ್ತದೆ, ಹೊಸದು ಆಗುವಷ್ಟರಲ್ಲಿ ಮಳೆಗಾಲ, ಅದರ ಬೆನ್ನಿಗೇ ನಾಯಿಗಳ ಬೆದೆಗಾಲ. ಎರಡು ಮೂರು ವರ್ಷಕ್ಕೆ ಒಂದೇ ಕರಾರು ಮಾಡಿದರೆ ಈ ರಗಳೆ ಇರುವುದಿಲ್ಲ.

ಹಾಗಾದರೆ ಯಾವ ನಾಯಿಯನ್ನೂ ಒಯ್ಯುವಂತೆಯೇ ಇಲ್ಲವೇ? ಇದೆ. ಹುಚ್ಚು ಹಿಡಿದಿದೆ ಎಂಬ ಅನುಮಾನ ಇರುವ ನಾಯಿಯನ್ನು ಬೇರೆ ಇಡಬೇಕು, ಅದನ್ನು ಓಣಿಗೆ ಬಿಡುವಂತಿಲ್ಲ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಮೈಮೇಲೆ ಬೀಳುವ ಆಕ್ರಮಣಕಾರಿ ನಾಯಿಗಳನ್ನೂ ಆ ಸಾಲಿಗೆ ಸೇರಿಸಿತು. ಸಿಕ್ಕ ಸಿಕ್ಕ ಬೀದಿಯಲ್ಲಿ ಅನ್ನ ಹಾಕಬಾರದು, ವಾರ್ಡ್‌ಗೊಂದು ಜಾಗ ಗೊತ್ತು ಮಾಡಿ ಅಲ್ಲೇ ಹಾಕಬೇಕು ಎಂದೂ ಹೇಳಿತು. ನೀವು ಶಿಕ್ಷಕರಾಗಿದ್ದವರು, ನಿಮಗೆ ನವೆಂಬರ್ 7ರ ಆದೇಶ ಹೆಚ್ಚು ಉಪಯೋಗ. ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಲ್ಲಿ ಹಿಡಿದ ನಾಯಿಯನ್ನು ಅಲ್ಲಿಗೆ ವಾಪಸ್ ಬಿಡಬಾರದು, ಆಪರೇಷನ್, ಲಸಿಕೆ ಮಾಡಿ ಆಶ್ರಯ ಕೇಂದ್ರಕ್ಕೆ ಸೇರಿಸಬೇಕು. ಕಂಪೌಂಡ್, ಗೇಟ್ ಭದ್ರ ಮಾಡಬೇಕು, ಆವರಣ ನೋಡಿಕೊಳ್ಳಲು ಒಬ್ಬ ನೋಡಲ್ ಅಧಿಕಾರಿ ಇರಬೇಕು. ಸ್ಥಳೀಯ ಸಂಸ್ಥೆಯವರು ಮೂರು ತಿಂಗಳಿಗೊಮ್ಮೆಯಾದರೂ ತಪಾಸಣೆ ಮಾಡಬೇಕು. ಆದ್ದರಿಂದ ಅರ್ಜಿಯಲ್ಲಿ ನಾಯಿ ಇರುವುದು ಓಣಿಯಲ್ಲೋ ಶಾಲೆಯೊಳಗೋ ಎಂದು ಬಿಡಿಸಿ ಬರೆಯಿರಿ. ಎರಡಕ್ಕೂ ಬೇರೆ ಬೇರೆ ನಿಯಮ ಹಚ್ಚುತ್ತಾರೆ. ಬಿಸಿಯೂಟದ ಮಿಕ್ಕ ಅನ್ನ ಕಾಂಪೌಂಡ್ ಹೊರಗೆ ಸುರಿಯುವ ಶಾಲೆಗೆ ಯಾವ ಕೋರ್ಟಿನ ಆದೇಶವೂ ಕೆಲಸಕ್ಕೆ ಬರುವುದಿಲ್ಲ ಎನ್ನುವುದು ಬೇರೆ ಮಾತು.

ಹಂದಿಯ ಕಥೆ ಪೂರ್ತಿ ಬೇರೆ. ಬೀದಿನಾಯಿಗೆ ಮಾಲೀಕ ಇಲ್ಲ, ಹಂದಿಗೆ ಇದ್ದೇ ಇದ್ದಾನೆ. ಚರಂಡಿಯಲ್ಲಿ ಹೊರಳುವ ಹಂದಿ ಯಾರದು ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಹಿಡಿಯುವ ಗಾಡಿ ಬಂದರೆ ಐದು ನಿಮಿಷಕ್ಕೆ ಹತ್ತು ಜನ ಮಾಲೀಕರು ನಿಂತಿರುತ್ತಾರೆ! ಪೌರ ಕಾಯ್ದೆಗಳಲ್ಲಿ ಜನರಿಗೆ ತೊಂದರೆ ಆಗುವಂತೆ ಪ್ರಾಣಿ ಸಾಕುವುದನ್ನು ತಡೆಯುವ ಅಧಿಕಾರ ಇದೆ. ಮೊದಲು ನೋಟಿಸ್, ಆಟೋದಲ್ಲಿ ಮೈಕ್ ಹಚ್ಚಿ ಎಚ್ಚರಿಕೆ, ಗಡುವು, ಆಮೇಲೆ ಹಿಡಿದು ಊರ ಹೊರಗೆ ಸಾಗಿಸುವುದು. ಹಿಡಿಯಲು ಬೇರೆ ಊರಿನ ತಂಡ ಬರುತ್ತದೆ, ಜೊತೆಗೆ ಪೊಲೀಸ್ ಬಂದೋಬಸ್ತ್ ಬೇಕೇ ಬೇಕು. ಬಂದೋಬಸ್ತ್ ಸಿಗದ ದಿನ ಕೆಲಸ ನಿಂತಿತೆಂದೇ ಅರ್ಥ. ಹಂದಿ ಸಾಕುವವರು ಬಡವರು, ಅದೇ ಅವರ ಹೊಟ್ಟೆಪಾಡು ಎಂಬುದನ್ನೂ ಮರೆಯಬಾರದು. ಊರ ಹೊರಗೆ ಜಾಗ, ನೀರು ಕೊಟ್ಟು ಶೆಡ್‌ಗೆ ಅವಕಾಶ ಮಾಡಿಕೊಡದೆ ಬರೀ ಹಿಡಿದು ಸಾಗಿಸಿದರೆ ಕೆಲವೇ ತಿಂಗಳಲ್ಲಿ ಹಂದಿಗಳು ಮತ್ತೆ ಚರಂಡಿಗೆ ಬರುತ್ತವೆ. ಹಂದಿಯಿಂದ ಸೊಳ್ಳೆಯ ಮೂಲಕ ಮಕ್ಕಳಿಗೆ ಮಿದುಳು ಜ್ವರ ಹರಡಬಹುದು. ಅರ್ಜಿಯಲ್ಲಿ ಇದನ್ನು ಬರೆದರೆ ಗಲೀಜಿನ ದೂರು ಆರೋಗ್ಯದ ದೂರಾಗುತ್ತದೆ, ತೂಕ ಬರುತ್ತದೆ.

ಬಿಡಾಡಿ ದನ ಅಂತೀವಿ, ಆದರೆ ಬಹಳಷ್ಟು ದನ ಬಿಡಾಡಿ ಅಲ್ಲವೇ ಅಲ್ಲ. ಬೆಳಿಗ್ಗೆ ಹಾಲು ಹಿಂಡಿ ಬೀದಿಗೆ ಬಿಡುತ್ತಾರೆ. ಅವು ಸೂಪರ್ ಮಾರ್ಕೆಟ್ ಕಡೆ ಸೊಪ್ಪು, ರಟ್ಟು, ಪ್ಲಾಸ್ಟಿಕ್ ತಿಂದು ಸಂಜೆ ಮನೆ ಸೇರುತ್ತವೆ. ಮೇವಿನ ಖರ್ಚು ಊರಿನ ಮೇಲೆ, ಹಾಲಿನ ದುಡ್ಡು ಮಾಲೀಕನ ಕಿಸೆಗೆ! ನಮ್ಮ ಹಿರಿಯರಿಗೆ ಇದಕ್ಕೆ ಕೊಂಡವಾಡ ಗೊತ್ತಿತ್ತು. ಹೊಲಕ್ಕೆ ನುಗ್ಗಿದ ದನವನ್ನು ಹೊಡೆದುಕೊಂಡು ಹೋಗಿ ಕೊಂಡವಾಡಕ್ಕೆ ಹಾಕಿದರೆ, ಮಾಲೀಕ ದಂಡ, ಮೇವಿನ ಖರ್ಚು ಎರಡೂ ಕೊಟ್ಟು ಬಿಡಿಸಿಕೊಂಡು ಹೋಗಬೇಕಿತ್ತು. 1966ರ ದನಗಳ ಅತಿಕ್ರಮಣದ ಕಾಯ್ದೆ ರಾಜ್ಯದಲ್ಲಿದೆ, ಪಾಲಿಕೆಗೂ ದನ ಹಿಡಿದು ಇಡುವ ಅಧಿಕಾರ ಇದೆ. ಇಲ್ಲದಿರುವುದು ಜಾಗ. ಹಳೆಯ ಕೊಂಡವಾಡಗಳು ಎಷ್ಟೋ ಕಡೆ ಹಾಳುಬಿದ್ದಿವೆ. ಹಿಡಿದ ದನಕ್ಕೆ ದಿನಾ ಮೇವು ನೀರು ಬೇಕು, ಆದ್ದರಿಂದ ಗೋಶಾಲೆ ಹುಡುಕಬೇಕು. ಗೋಶಾಲೆಯವರು ಜಾಗ ಇಲ್ಲ ಅಂತಾರೆ. ಅಲ್ಲಿಗೆ ಗಾಡಿ ವಾಪಸ್.

ಒಂದು ಹಾದಿ ಇದೆ, ಬಳಸುವವರು ಕಡಿಮೆ. ಈಗ ಬಹಳಷ್ಟು ದನಗಳ ಕಿವಿಯಲ್ಲಿ ಹಳದಿ ಓಲೆ ಇರುತ್ತದೆ, ಅದರ ಮೇಲೆ 12 ಅಂಕಿ. ಲಸಿಕೆ ಹಾಕುವಾಗ ಪಶುಪಾಲನಾ ಇಲಾಖೆಯವರು ಹಾಕಿದ ಗುರುತು ಅದು. ಆ ನಂಬರ್ ಕಂಪ್ಯೂಟರಿಗೆ ಹೊಡೆದರೆ ಮಾಲೀಕರ ವಿವರ ಬರುತ್ತದೆ. ದನದ ಫೋಟೋ ತೆಗೆಯುವಾಗ ಓಲೆಯ ನಂಬರ್ ಕಾಣುವಂತೆ ತೆಗೆದು ದೂರಿಗೆ ಹಚ್ಚಿ. ದನ ಹಿಡಿಯದೆಯೂ ಮನೆಗೆ ನೋಟಿಸ್ ಕಳಿಸಬಹುದು. ಒಂದೇ ನಂಬರ್ ಮೂರು ಸಲ ಬಂದರೆ ಅಧಿಕಾರಿಗೂ ಬಿಡಲಾಗುವುದಿಲ್ಲ. ಹೆದ್ದಾರಿ ಮೇಲಿನ ದನಗಳನ್ನು ತೆರವು ಮಾಡಬೇಕು ಎಂದು ಆ ನವೆಂಬರ್ ಆದೇಶದಲ್ಲೇ ಇದೆ. ಹುಮನಾಬಾದ್ ರಸ್ತೆಯಲ್ಲಿ ರಾತ್ರಿ ಬೈಕ್ ಓಡಿಸುವವರಿಗೆ ಅದರ ಬೆಲೆ ಗೊತ್ತು.

ದಂಡದ ಬಗ್ಗೆ ಕೇಳಿದ್ದೀರಿ. ಕೇಳಿದರೆ ನಗು ಬರುತ್ತದೆ. 1960ರ ಕಾಯ್ದೆಯಲ್ಲಿ ಪ್ರಾಣಿ ಹಿಂಸೆಗೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಚಹಾ ಮಿರ್ಚಿ ಭಜಿಗೆ ಅದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ನಿಜವಾಗಿ ಹಲ್ಲಿರುವುದು ಭಾರತೀಯ ನ್ಯಾಯ ಸಂಹಿತೆಗೆ. ಅದರ 325ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ವಿಷ ಹಾಕಿ ಕೊಂದರೆ, ಕೈಕಾಲು ಮುರಿದರೆ ಐದು ವರ್ಷದವರೆಗೆ ಜೈಲು. ನಿಮ್ಮ ಓಣಿಯಲ್ಲಿ ಯಾರಾದರೂ ಸಿಟ್ಟಿಗೆದ್ದು ವಿಷದ ಮಾತಾಡಿದರೆ ಇದನ್ನು ಹೇಳಿ. 291ನೇ ಸೆಕ್ಷನ್ ಸಾಕುನಾಯಿ ಇಟ್ಟವರಿಗೆ. ನಾಯಿಯನ್ನು ಬೇಜವಾಬ್ದಾರಿಯಿಂದ ಬಿಟ್ಟು ಇನ್ನೊಬ್ಬರಿಗೆ ಅಪಾಯ ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೀದಿನಾಯಿಯಷ್ಟೇ ಅಲ್ಲ, ಗೇಟ್ ತೆಗೆದು ಬಿಡುವ ಸಾಕುನಾಯಿಯೂ ಕಚ್ಚುತ್ತದೆ. ಅದರ ಮೇಲೆ ಮಾತ್ರ ಯಾರೂ ದೂರು ಕೊಡುವುದಿಲ್ಲ, ನೆರೆಮನೆಯವರ ಮುಲಾಜು.

ಯಾರ ಬಾಗಿಲು ಬಡಿಯಬೇಕು ಎಂದಿರಿ. ಫೋನ್ ಮಾಡಿದ ದೂರಿಗೆ ಸಾಕ್ಷಿ ಉಳಿಯುವುದಿಲ್ಲ. ಆಯುಕ್ತರ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ, ಆರೋಗ್ಯ ಶಾಖೆಯ ಗಮನಕ್ಕೆ ಎಂದು ಮೇಲೆ ಹಾಕಿ. ವಾರ್ಡ್ ನಂಬರ್, ಗುಡಿ ಅಥವಾ ಅಂಗಡಿಯ ಗುರುತು, ನಾಯಿಗಳು ಸೇರುವ ಹೊತ್ತು, ಕಿವಿಯಲ್ಲಿ ಗುರುತು ಇಲ್ಲದ ಹೆಣ್ಣುನಾಯಿಗಳ ಸಂಖ್ಯೆ, ಯಾರಿಗಾದರೂ ಕಚ್ಚಿದ್ದರೆ ಆಸ್ಪತ್ರೆಯ ಚೀಟಿಯ ಝೆರಾಕ್ಸ್. ಆವಕ ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ, ನಂಬರ್ ಬರೆಸಿಕೊಳ್ಳಿ. 'ನಾಯಿ ಒಯ್ಯಿರಿ' ಎಂದು ಬರೆಯಬೇಡಿ, ಹುಚ್ಚಿನ ಅನುಮಾನ ಇರುವ ಅಥವಾ ಮೈಮೇಲೆ ಬೀಳುವ ನಾಯಿ ಬಿಟ್ಟರೆ ಓಣಿಯ ನಾಯಿಯನ್ನು ಒಯ್ದು ಇಟ್ಟುಕೊಳ್ಳಲು ಅವರಿಗೆ ಅಧಿಕಾರವೇ ಇಲ್ಲ. 'ನಮ್ಮ ವಾರ್ಡ್‌ನ ಉಳಿದ ನಾಯಿಗಳಿಗೆ ಆಪರೇಷನ್, ಲಸಿಕೆ ಮಾಡಿಸಿ, ಯಾವ ತಿಂಗಳೊಳಗೆ ಎಂದು ತಿಳಿಸಿ' ಎಂದು ಬರೆಯಿರಿ. ಉತ್ತರ ಬರದಿದ್ದರೆ ರಾಜ್ಯ ಸರ್ಕಾರದ 1902 ಸಹಾಯವಾಣಿಗೆ ಅದೇ ನಂಬರ್ ಹೇಳಿ ದೂರು ದಾಖಲಿಸಿ.

ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಪುರಾಣ ಬರೆದರೆ ತಿರಸ್ಕಾರ ಆಗುತ್ತದೆ. ಕೇಳಬೇಕಾದ್ದು ಇಷ್ಟು: ಎಬಿಸಿ ಕೆಲಸದ ಕಾರ್ಯಾದೇಶದ ಪ್ರತಿ, ಸಂಸ್ಥೆಯ ಮಾನ್ಯತಾ ಪತ್ರ, ಕಳೆದ ಹನ್ನೆರಡು ತಿಂಗಳ ವಾರ್ಡ್‌ವಾರು ಆಪರೇಷನ್ ಸಂಖ್ಯೆ, ಮೇಲ್ವಿಚಾರಣಾ ಸಮಿತಿಯ ಸಭಾ ನಡಾವಳಿ. ಕೊನೆಯದೇ ಮುಖ್ಯ. ಸಭೆಯೇ ನಡೆದಿಲ್ಲವಾದರೆ ನಡಾವಳಿ ಎಲ್ಲಿಂದ ಬರಬೇಕು? ಅರ್ಜಿ ಬಂದ ವಾರದಲ್ಲೇ ಸಭೆ ಕರೆಯುವ ಸಾಧ್ಯತೆ ಇದೆ. ಆದರೆ ಆಗಲಿ, ನಮಗೆ ಬೇಕಾದದ್ದೂ ಅದೇ ಅಲ್ವಾ?

ಈ ಓಡಾಟದ ನಡುವೆ ಯಾರಿಗಾದರೂ ನಾಯಿ ಕಚ್ಚಿದರೆ ಅರ್ಜಿ ಆಮೇಲೆ. ಮೊದಲು ನಲ್ಲಿ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯಿರಿ. ಅರಿಶಿನ, ಖಾರದಪುಡಿ, ಸುಣ್ಣ ಯಾವುದೂ ಬೇಡ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಲಸಿಕೆ ಉಚಿತ. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, 3, 7, 28ನೇ ದಿನ. ಆಳವಾದ ಗಾಯಕ್ಕೆ ಗಾಯದ ಸುತ್ತಲೇ ಕೊಡುವ ಇನ್ನೊಂದು ಇಂಜೆಕ್ಷನ್ ಇದೆ, ಇಮ್ಯುನೋಗ್ಲಾಬ್ಯುಲಿನ್ ಅಂತ. ಅದನ್ನು ಕೇಳಿ ಹಾಕಿಸಿಕೊಳ್ಳಿ. ಲಕ್ಷಣ ಶುರುವಾದ ಮೇಲೆ ರೇಬಿಸ್‌ಗೆ ಔಷಧ ಇಲ್ಲ. ಕಚ್ಚಿದ ನಾಯಿಯನ್ನು ಹೊಡೆದು ಸಾಯಿಸಬೇಡಿ, ಹತ್ತು ದಿನ ಅದರ ಮೇಲೆ ಕಣ್ಣಿಟ್ಟರೆ ವೈದ್ಯರಿಗೂ ಅನುಕೂಲ. ಕರ್ನಾಟಕದಲ್ಲಿ 2022ರಿಂದ ರೇಬಿಸ್ ಅಧಿಸೂಚಿತ ಕಾಯಿಲೆ, ಪ್ರಕರಣ ಕಂಡ ಆಸ್ಪತ್ರೆ ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಬೀದಿನಾಯಿ ದಾಳಿಯಲ್ಲಿ ಸಾವಾದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಎಂದು 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿದೆ. ಗಾಯಕ್ಕೂ ಸಣ್ಣ ಮೊತ್ತ ಇದೆ. ಅದಕ್ಕೂ ಆಸ್ಪತ್ರೆಯ ಚೀಟಿಯೇ ಆಧಾರ, ಕಳೆದುಕೊಳ್ಳಬೇಡಿ.

ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳ ಓದುಗರೂ ಇದನ್ನೇ ಕೇಳುತ್ತಿರುತ್ತಾರೆ. ನಿಯಮ ಅಲ್ಲಿಗೂ ಇದೇ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯೇ ಸ್ಥಳೀಯ ಸಂಸ್ಥೆ, ಅರ್ಜಿ ಪಿಡಿಒ ಅವರಿಗೆ ಕೊಡಬೇಕು. ಸಣ್ಣ ಊರಿಗೆ ಆಪರೇಷನ್ ಕೇಂದ್ರ ಕಟ್ಟಿ ನಡೆಸುವುದು ಎಟುಕುವ ಮಾತಲ್ಲ. ನಾಲ್ಕೈದು ಊರು ಸೇರಿ ಒಂದೇ ಕೇಂದ್ರ, ಒಂದೇ ಗಾಡಿ ಮಾಡಿಕೊಳ್ಳಬಹುದು. ಬೀದರ್‌ನವರಿಗಂತೂ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ನಂದಿನಗರದಲ್ಲಿ ಕೂತಿದೆ. ಅಲ್ಲಿ ಕಲಿಯುವ ಹುಡುಗರಿಗೆ ಕೈ ಪಳಗಬೇಕು, ಊರಿಗೆ ಕೆಲಸ ಆಗಬೇಕು. ಯಾರಾದರೂ ಜಿಲ್ಲಾಧಿಕಾರಿಗಳ ಮುಂದೆ ಈ ಪ್ರಸ್ತಾವ ಇಟ್ಟರೆ ತಾಂತ್ರಿಕ ಟಿಪ್ಪಣಿ ಬರೆದುಕೊಡಲು ನಾನು ತಯಾರಿದ್ದೇನೆ.